ಆರ್‌ಎಕ್ಸ್ 100ಗೆ ಯಾವ ಆಯಿಲ್ ಹಾಕಬೇಕು? ಮೊದಲು ಪಂಪ್ ನೋಡಿ

ಪ್ರಶ್ನೆ: ಸರ್, ನಮ್ಮ ಸೋದರಮಾವ ಓಡಿಸುತ್ತಿದ್ದ 1992ರ ಯಮಹಾ ಆರ್‌ಎಕ್ಸ್ 100 ಈಗ ನನ್ನ ಕೈಗೆ ಬಂದಿದೆ. ಬಸವೇಶ್ವರನಗರದಿಂದ ಪೀಣ್ಯಕ್ಕೆ ದಿನಾ ಅದರಲ್ಲೇ ಕೆಲಸಕ್ಕೆ ಹೋಗುತ್ತೇನೆ. ಹೊಗೆ ವಿಪರೀತ. ಸಿಗ್ನಲ್‌ನಲ್ಲಿ ಹಿಂದಿದ್ದವರು ಬೈಯುತ್ತಾರೆ. ವಾರಕ್ಕೊಮ್ಮೆ ಪ್ಲಗ್ ಕಪ್ಪಾಗಿ ಒದ್ದೆಯಾಗಿರುತ್ತದೆ. ಮಾವ ಆಯಿಲ್ ಟ್ಯಾಂಕ್ ತುಂಬಿಸುವುದರ ಜೊತೆಗೆ ಪೆಟ್ರೋಲಿಗೂ ಲೀಟರಿಗೆ 40 ಮಿ.ಲೀ. ಹಾಕುತ್ತಿದ್ದರು, ನಾನೂ ಹಾಗೇ ಮಾಡುತ್ತಿದ್ದೇನೆ. ಆಯಿಲ್ ಪಂಪ್ ಬ್ಲಾಕ್ ಮಾಡಿಬಿಡೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ರೇಸಿಂಗ್ ಆಯಿಲ್ ಹಾಕು ಅಂತ ಗೆಳೆಯ ಹೇಳುತ್ತಾನೆ. ನಾಲ್ಕು ಸ್ಟ್ರೋಕ್ ಗಾಡಿಯ ಆಯಿಲೇ ಸಾಕು ಅನ್ನುವವರೂ ಇದ್ದಾರೆ. ಯಾವ ಆಯಿಲ್ ಹಾಕಲಿ, ಎಷ್ಟು ಹಾಕಲಿ? ಮಾವನ ಮನೆಯ ಶೆಡ್‌ನಲ್ಲಿ ಹಳೆಯ 2ಟಿ (ಎರಡು ಸ್ಟ್ರೋಕ್) ಆಯಿಲ್ ಟಿನ್ ಒಂದಿದೆ, ಅದನ್ನು ಬಳಸಬಹುದಾ?

ಉತ್ತರ: ನಿಮ್ಮ ಹೊಗೆಯ ಅರ್ಧ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ನಿಮ್ಮದು ಎರಡು ಸ್ಟ್ರೋಕ್ ಗಾಡಿ, ಪೆಟ್ರೋಲ್ ಜೊತೆ ಆಯಿಲೂ ಉರಿಯುತ್ತದೆ. ಅದಕ್ಕೀಗ ಎರಡೆರಡು ಕಡೆಯಿಂದ ಆಯಿಲ್ ಹೋಗುತ್ತಿದೆ. ಆಯಿಲ್ ಟ್ಯಾಂಕಿನಿಂದ ಪಂಪ್ ತನ್ನ ಪಾಲಿನದು ಕೊಡುತ್ತಿದೆ, ಪೆಟ್ರೋಲ್ ಜೊತೆ ನೀವು ಇನ್ನೊಂದು ಪಾಲು ಕೊಡುತ್ತಿದ್ದೀರಿ. ಊಟ ಮಾಡಿ ಕೈ ತೊಳೆದವರನ್ನು ಮತ್ತೆ ಎಲೆ ಮುಂದೆ ಕೂರಿಸಿದ ಹಾಗಾಯ್ತು. ಹೊಗೆ ಬರದೆ ಇನ್ನೇನು ಬರುತ್ತದೆ?

ಹಾಗಂತ ನಿಮ್ಮ ಮಾವನನ್ನು ತಪ್ಪು ಅನ್ನಲಾರೆ. 1985ರಿಂದ 1996ರವರೆಗೆ ಬಂದ ಆ ಗಾಡಿಗಳಲ್ಲಿ ಪಂಪ್ ಮೇಲೆ ಪೂರ್ತಿ ನಂಬಿಕೆ ಇಟ್ಟವರು ಕಡಿಮೆ. 'ಪಂಪ್ ಕೈಕೊಟ್ಟರೆ ಪಿಸ್ಟನ್ ಹೋಗುತ್ತೆ, ಇರಲಿ ಸ್ವಲ್ಪ ಪೆಟ್ರೋಲಿಗೂ' ಅನ್ನುವುದು ಆ ಕಾಲದ ಎಲ್ಲ ಜಾಗರೂಕ ಯಜಮಾನರ ಪದ್ಧತಿ. ಪಂಪ್ ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಪರೀಕ್ಷೆ ಮಾಡುವ ಬದಲು ಹೆದರಿಕೆಗೆ ಆಯಿಲ್ ಸುರಿಯುತ್ತಿದ್ದರು, ಅಷ್ಟೇ.

ಆದ್ದರಿಂದ ಯಾವ ಬ್ರ್ಯಾಂಡ್ ಅನ್ನುವ ಮಾತು ಆಮೇಲೆ. ಆಯಿಲ್ ಇಂಜಿನ್ನಿಗೆ ಹೇಗೆ ಹೋಗುತ್ತಿದೆ, ಎಷ್ಟು ಹೋಗುತ್ತಿದೆ ಅನ್ನುವುದು ಮೊದಲು. ಸಾಧಾರಣ ಆಯಿಲ್ ಸರಿಯಾದ ಅಳತೆಯಲ್ಲಿ ಹೋದರೆ ಗಾಡಿ ವರ್ಷಗಟ್ಟಲೆ ಓಡುತ್ತದೆ. ಅತಿ ದುಬಾರಿ ಆಯಿಲ್ ಹತ್ತು ಕಿಲೋಮೀಟರ್ ಹೋಗದೇ ಇದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ತೊಂಬತ್ತರ ದಶಕದಲ್ಲಿ ನನ್ನ ಹತ್ತಿರ ಯೆಜ್ಡಿ ಇತ್ತು, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಅದಕ್ಕೆ ಪಂಪ್ ಇಲ್ಲ, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಮೈಸೂರಿಗೆ ಹೋಗುವಾಗ ಮದ್ದೂರಿನ ಹತ್ತಿರ ರಿಸರ್ವ್‌ಗೆ ಬಂತು. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿದೆ, ಆದರೆ 2ಟಿ ಆಯಿಲ್‌ನ ಕೈಪಂಪ್ ಖಾಲಿ. ಮಂಡ್ಯದಲ್ಲಿ ಹಾಕಿಸಿಕೊಂಡರಾಯ್ತು, ಇಷ್ಟು ದೂರಕ್ಕೆ ಏನಾಗುತ್ತೆ ಅಂದುಕೊಂಡು ಹೊರಟೆ. ಗೆಜ್ಜಲಗೆರೆ ದಾಟಲಿಲ್ಲ. ಮೊದಲು ಗಾಡಿ ಹಿಂದಿನಿಂದ ಯಾರೋ ಹಿಡಿದು ಎಳೆದಂತೆ ಭಾರವಾಯಿತು. ಆಕ್ಸಿಲರೇಟರ್ ಇನ್ನೂ ತಿರುಗಿಸಿದೆ, ಅದೇ ತಪ್ಪು. 'ಕೀಂಯ್' ಅಂತ ಸಣ್ಣ ಸದ್ದು, ಹಿಂದಿನ ಚಕ್ರ ಲಾಕ್. ಎಡಗೈ ತಾನಾಗಿಯೇ ಕ್ಲಚ್ ಹಿಡಿದಿದ್ದರಿಂದ ಬೀಳಲಿಲ್ಲ. ಅರ್ಧ ಗಂಟೆ ಆರಿದ ಮೇಲೆ ಕಿಕ್ಕರ್ ಇಳಿಯಿತು, ಗಾಡಿ ಸ್ಟಾರ್ಟೂ ಆಯಿತು. ಆದರೆ ಹೆಡ್ ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಬೋರ್‌ಗೆ ಬೆಳ್ಳಗೆ ಪಟ್ಟೆ ಪಟ್ಟೆಯಾಗಿ ಅಂಟಿತ್ತು. ರೀಬೋರ್, ಹೊಸ ಪಿಸ್ಟನ್, ಒಂದು ತಿಂಗಳ ಸಂಬಳ.

ಯಾಕೆ ಇಷ್ಟು ಬೇಗ? ನಾಲ್ಕು ಸ್ಟ್ರೋಕ್ ಇಂಜಿನ್ನಿನ ತಳದಲ್ಲಿ ಆಯಿಲ್ ನಿಂತಿರುತ್ತದೆ, ಸುತ್ತಿ ಸುತ್ತಿ ಅದೇ ಬರುತ್ತದೆ. ಎರಡು ಸ್ಟ್ರೋಕ್‌ನಲ್ಲಿ ಆ ಸ್ಟಾಕ್ ಇಲ್ಲ. ಪೆಟ್ರೋಲ್ ಮತ್ತು ಗಾಳಿ ಮೊದಲು ಇಂಜಿನ್ನಿನ ತಳದ ಪೆಟ್ಟಿಗೆಯಾದ ಕ್ರಾಂಕ್‌ಕೇಸ್ ಒಳಗೆ ಬರುತ್ತವೆ, ಅಲ್ಲಿಂದ ಮೇಲೆ ಸಿಲಿಂಡರಿಗೆ ಏರುತ್ತವೆ. ಅದರ ಜೊತೆ ಬಂದ ಒಂದಿಷ್ಟು ಆಯಿಲ್ ದಾರಿಯಲ್ಲಿ ಕ್ರಾಂಕ್ ಬೇರಿಂಗ್, ಕನೆಕ್ಟಿಂಗ್ ರಾಡ್‌ನ ಎರಡು ತುದಿ, ಪಿಸ್ಟನ್, ರಿಂಗ್ ಎಲ್ಲವನ್ನೂ ನೆನೆಸಿ, ಕೊನೆಗೆ ಉರಿದು ಸೈಲೆನ್ಸರ್‌ನಿಂದ ಆಚೆ ಹೋಗುತ್ತದೆ. ದಿನಗೂಲಿ ಲೆಕ್ಕ. ಅವತ್ತಿನದು ಅವತ್ತಿಗೆ. ಒಂದು ದಿನ ಬರಲಿಲ್ಲ ಅಂದರೆ ಒಲೆ ಹಚ್ಚುವ ಹಾಗಿಲ್ಲ.

ಈಗ ನಿಮ್ಮ ಗಾಡಿಯ ಪಂಪ್. ಬಲಗಡೆಯ ಕ್ರಾಂಕ್‌ಕೇಸ್ ಕವರ್ ಮೇಲೆ, ಒಂದು ಸಣ್ಣ ಮುಚ್ಚಳದ ಹಿಂದೆ ಕೂತಿರುತ್ತದೆ. ಯಮಹಾ ಇದಕ್ಕೆ ಆಟೋಲೂಬ್ ಅಂತ ಹೆಸರಿಟ್ಟಿತ್ತು. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ, ನೀವು ಆಕ್ಸಿಲರೇಟರ್ ಎಷ್ಟು ತಿರುಗಿಸಿದ್ದೀರಿ, ಎರಡನ್ನೂ ನೋಡಿಕೊಂಡು ಅದು ಆಯಿಲ್ ಬಡಿಸುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಚೂರೇ ಚೂರು, ತುಮಕೂರು ರಸ್ತೆಯಲ್ಲಿ ಎಳೆದಾಗ ಜಾಸ್ತಿ. ಪೆಟ್ರೋಲಿಗೆ ಬೆರೆಸಿದರೆ ಈ ಅನುಕೂಲ ಇಲ್ಲ. ನಿಂತರೂ ಅದೇ ಅಳತೆ, ಓಡಿದರೂ ಅದೇ ಅಳತೆ. ನಮ್ಮ ಬೆಂಗಳೂರಿನ ಟ್ರಾಫಿಕ್‌ನಲ್ಲಿ ನಿಲ್ಲುವುದೇ ಜಾಸ್ತಿ ಅಲ್ವಾ? ಹಾಗಾಗಿ ಪಂಪ್ ಬ್ಲಾಕ್ ಮಾಡಲು ನನ್ನ ಒಪ್ಪಿಗೆ ಇಲ್ಲ. ಪಂಪ್ ನಿಜಕ್ಕೂ ಸವೆದು ಹೋಗಿದ್ದರೆ, ಒಳಗಿನ ಸೀಲ್ ಸಿಗದಿದ್ದರೆ, ಆಗ ಬೇರೆ ಮಾತು. ಪರೀಕ್ಷೆ ಮಾಡದೆ ತೆಗೆಯುವುದು ಮೆಕ್ಯಾನಿಕ್‌ಗೆ ಸುಲಭ, ನಿಮಗಲ್ಲ.

ಪರೀಕ್ಷೆ ಕಷ್ಟವೇನಿಲ್ಲ. ಇವತ್ತೇ ಪೆಟ್ರೋಲಿಗೆ ಆಯಿಲ್ ಹಾಕುವುದು ನಿಲ್ಲಿಸಬೇಡಿ, 40ರಿಂದ 20 ಮಿ.ಲೀ.ಗೆ ಇಳಿಸಿ ಸಾಕು. ಆಯಿಲ್ ಟ್ಯಾಂಕ್ ಬಿಚ್ಚಿಸಿ ತೊಳೆಸಿ. ಮೂವತ್ತು ವರ್ಷದ ಕೆಸರು ತಳದಲ್ಲಿ ಕೂತಿರುತ್ತದೆ. ರಬ್ಬರ್ ಪೈಪ್‌ಗಳು ಗಟ್ಟಿಯಾಗಿದ್ದರೆ ಬದಲಿಸಿ. ಹೊಸ ಆಯಿಲ್ ತುಂಬಿಸಿದ ಮೇಲೆ ಪಂಪ್‌ನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ಪೂರ್ತಿ ನಿಂತು ಬರೀ ಆಯಿಲ್ ಸುರಿಯುವ ತನಕ ಬಿಡಿ. ಒಂದು ಗುಳ್ಳೆ ಉಳಿದರೂ ಅದು ಹಾದುಹೋಗುವಷ್ಟು ಹೊತ್ತು ಇಂಜಿನ್ ಉಪವಾಸ. ಆಮೇಲೆ ಪಂಪ್‌ಗೆ ಹೋಗುವ ಕೇಬಲ್ ನೋಡಿ. ಆಕ್ಸಿಲರೇಟರ್ ಕೇಬಲ್ ನಡುವೆ ಎರಡಾಗಿ ಸೀಳುತ್ತದೆ, ಒಂದು ಕಾರ್ಬುರೇಟರಿಗೆ, ಇನ್ನೊಂದು ಪಂಪ್‌ಗೆ. ಪಂಪ್‌ನ ಚಕ್ರದ ಮೇಲೆ ಗುರುತಿದೆ, ಅದು ಪಿನ್ನಿಗೆ ಸರಿಯಾಗಿ ಕೂರಬೇಕು. ಕಾರ್ಬುರೇಟರ್ ಬಿಚ್ಚಿ ಹಾಕಿದಾಗಲೆಲ್ಲ ಇದನ್ನು ಮರೆಯುತ್ತಾರೆ. ಕೇಬಲ್ ಸಡಿಲವಾದರೆ ಆಯಿಲ್ ಕಡಿಮೆ, ಬಿಗಿಯಾದರೆ ಜಾಸ್ತಿ.

ಇಷ್ಟಾದ ಮೇಲೆ ಅಳತೆ. ಮೆಡಿಕಲ್ ಶಾಪಿನಿಂದ 50 ಮಿ.ಲೀ. ಸಿರಿಂಜ್ ಒಂದು ತನ್ನಿ. ಆಯಿಲ್ ಟ್ಯಾಂಕನ್ನು ಕತ್ತಿನ ತನಕ ತುಂಬಿ, 200 ಕಿ.ಮೀ. ಓಡಿಸಿ, ಮತ್ತೆ ಅದೇ ಕತ್ತಿನ ತನಕ ಸಿರಿಂಜ್‌ನಲ್ಲಿ ಎಣಿಸಿಕೊಂಡು ಹಾಕಿ. ಗಾಡಿ ಲೀಟರಿಗೆ 40 ಕೊಡುತ್ತದೆ ಅಂದುಕೊಂಡರೆ 5 ಲೀಟರ್ ಪೆಟ್ರೋಲ್ ಆಯಿತು. ಆಯಿಲ್ 75ರಿಂದ 125 ಮಿ.ಲೀ. ಹಿಡಿದರೆ ಲೀಟರಿಗೆ 15ರಿಂದ 25ರ ಲೆಕ್ಕ. ಸಿಟಿ ಓಡಾಟಕ್ಕೆ ನಾನು ಇದನ್ನು ಸರಿ ಅನ್ನುತ್ತೇನೆ. ಅಷ್ಟು ಬಂತಾ, ಪೆಟ್ರೋಲಿಗೆ ಆಯಿಲ್ ಹಾಕುವುದನ್ನು ನಿಲ್ಲಿಸಿ. 30 ಮಿ.ಲೀ. ಕೂಡ ಹಿಡಿಯಲಿಲ್ಲವಾ, ಪಂಪ್ ಸರಿಯಿಲ್ಲ, ಬೆರೆಸುವುದನ್ನೇ ಮುಂದುವರಿಸಿ ಮತ್ತು ಪಂಪ್ ರಿಪೇರಿ ಮಾಡಿಸಿ. ಜೆ.ಸಿ. ರಸ್ತೆಯಲ್ಲಿ ಹುಡುಕಿ. ಆದರೆ ಹಳೆಯ ಪಂಪ್ ಕೈಯಲ್ಲಿ ಹಿಡಿದುಕೊಂಡು ಹೋಗಿ, ಬಾಯಿಮಾತಿನಲ್ಲಿ ಕೇಳಿದರೆ ಯಾವುದೋ ಒಂದನ್ನು ಕೊಟ್ಟು ಕಳಿಸುತ್ತಾರೆ.

ರಾತ್ರಿಯೆಲ್ಲ ನಿಲ್ಲಿಸಿದ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬೀದಿಯೆಲ್ಲ ಹೊಗೆ ತುಂಬಿ, ಎರಡು ಕಿಲೋಮೀಟರ್ ಹೋದ ಮೇಲೆ ಸರಿಹೋಗುತ್ತದಾ? ಆಗ ಪಂಪ್‌ನ ಬಾಯಲ್ಲಿರುವ ಚೆಕ್ ವಾಲ್ವ್ ನೋಡಿಸಿ. ಒಂದು ಸಣ್ಣ ಗುಂಡು, ಒಂದು ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ ಟ್ಯಾಂಕಿನ ಆಯಿಲ್ ರಾತ್ರಿಯಿಡೀ ಕ್ರಾಂಕ್‌ಕೇಸ್‌ಗೆ ಇಳಿಯುತ್ತದೆ.

ಇನ್ನು ಆಯಿಲ್. ಡಬ್ಬದ ಹಿಂದೆ ಒಂದು ಪುಟ್ಟ ಚೌಕದಲ್ಲಿ 'ಜಾಸೋ' ಅಂತ, ಅದರ ಜೊತೆ ಎಫ್‌ಬಿ, ಎಫ್‌ಸಿ ಅಥವಾ ಎಫ್‌ಡಿ ಅಂತ ಇರುತ್ತದೆ. ಜಪಾನಿನ ವಾಹನ ಮಾನದಂಡ ಅದು. ಬೆಂಗಳೂರಿನಲ್ಲಿ ಎಫ್‌ಸಿ ಅಂದರೆ ಆರ್‌ಟಿಒ ನೆನಪಾಗುತ್ತದೆ, ಇದು ಅದಲ್ಲ. ಬಹಳ ಜನ ಎಫ್‌ಡಿ ಅಂದರೆ ಎಫ್‌ಸಿಗಿಂತ ಜಾಸ್ತಿ ಜಾರುತ್ತದೆ, ಪಿಸ್ಟನ್ ಹೆಚ್ಚು ಬಾಳುತ್ತದೆ ಅಂದುಕೊಂಡಿದ್ದಾರೆ. ಹಾಗಿಲ್ಲ. ಜಾಸೋದವರು ಒಂದು ಮಾದರಿ ಆಯಿಲ್‌ಗೆ 100 ಅಂಕ ಕೊಟ್ಟು, ಉಳಿದದ್ದನ್ನು ಅದರ ಜೊತೆ ಹೋಲಿಸುತ್ತಾರೆ. ಜಾರುವ ಗುಣಕ್ಕೆ ಎಫ್‌ಬಿ, ಎಫ್‌ಸಿ, ಎಫ್‌ಡಿ ಮೂರಕ್ಕೂ ಪಾಸ್ ಮಾರ್ಕ್ 95. ವ್ಯತ್ಯಾಸ ಇರುವುದು ಬೇರೆ ಕಡೆ. ಹೊಗೆಯ ಪರೀಕ್ಷೆಯಲ್ಲಿ ಎಫ್‌ಬಿಗೆ 45 ಸಾಕು, ಎಫ್‌ಸಿ ಮತ್ತು ಎಫ್‌ಡಿಗೆ 85 ಬೇಕು. ಅಂಕ ಜಾಸ್ತಿ ಅಂದರೆ ಹೊಗೆ ಕಡಿಮೆ. ಪಿಸ್ಟನ್, ರಿಂಗ್ ಕ್ಲೀನಾಗಿ ಇಡುವ ಗುಣಕ್ಕೆ ಎಫ್‌ಬಿಗೆ 85, ಎಫ್‌ಸಿಗೆ 95, ಎಫ್‌ಡಿಗೆ 125.

ಅಂದರೆ ನಿಮಗೆ ಎಫ್‌ಸಿ ಸಾಕು. ಎಫ್‌ಡಿ ಸಿಕ್ಕಿದರೆ ಒಳ್ಳೆಯದು, ರಿಂಗ್ ಅಂಟುವುದಿಲ್ಲ, ಕಾರ್ಬನ್ ಕಡಿಮೆ. ಬರೀ 'ಎಪಿಐ ಟಿಸಿ' (ಅಮೆರಿಕದ ಮಾನದಂಡ) ಅಂತ ಬರೆದು ಜಾಸೋ ಗುರುತೇ ಇಲ್ಲದ ಡಬ್ಬ ನಾನು ಕೊಳ್ಳುವುದಿಲ್ಲ, ಯಾಕೆಂದರೆ ಟಿಸಿಯಲ್ಲಿ ಹೊಗೆಯ ಲೆಕ್ಕ ಬರುವುದಿಲ್ಲ. ಸರ್ವೋ, ಕ್ಯಾಸ್ಟ್ರಾಲ್, ಮೋಟುಲ್, ಯಮಾಲೂಬ್, ಯಾವುದಾದರೂ ಆಗಲಿ, ಹೆಸರಿಗಿಂತ ಆ ಚೌಕ ನೋಡಿ. ಪಂಪ್‌ಗೂ ಆಗುತ್ತದೆ, ಬೆರೆಸಲೂ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಒಂದು ಆರಿಸಿಕೊಂಡರೆ ಅದರಲ್ಲೇ ಇರಿ. ಟ್ಯಾಂಕಿನಲ್ಲಿ ಅರ್ಧ ಅದು, ಅರ್ಧ ಇದು ಬೇಡ.

ಹಳೆಯ ಆಯಿಲ್ ಯಾಕೆ ಅಷ್ಟು ಹೊಗೆ ಬಿಡುತ್ತಿತ್ತು ಅಂದರೆ, ಅದರಲ್ಲಿ ಪೂರ್ತಿ ಉರಿಯದ ದಪ್ಪ ಖನಿಜ ತೈಲ ಇರುತ್ತಿತ್ತು. ಕಡಿಮೆ ಹೊಗೆಯ ಆಯಿಲ್‌ನಲ್ಲಿ ಅದರ ಜಾಗಕ್ಕೆ ಪಾಲಿಐಸೋಬ್ಯೂಟಿಲೀನ್ ಅನ್ನುವ ವಸ್ತು ಬಂತು. ಬಿಸಿಗೆ ಅದು ಒಡೆದು ಚೆನ್ನಾಗಿ ಉರಿದುಹೋಗುತ್ತದೆ.

ಗೆಳೆಯರ ರೇಸಿಂಗ್ ಆಯಿಲ್ ವಿಷಯ. ರೇಸಿಗೆ ಮಾಡಿದ್ದು ಗಾಡಿ ಸದಾ ಕಿರುಚುತ್ತಿರುತ್ತದೆ, ಸದಾ ಬಿಸಿ ಇರುತ್ತದೆ ಅಂತ ಲೆಕ್ಕ ಹಾಕಿ ಮಾಡಿದ್ದು. ಬಹುಪಾಲು ಬೆರೆಸಿ ಬಳಸುವಂಥದ್ದು, ಸ್ವಲ್ಪ ದಪ್ಪ. ಆಟೋಲೂಬ್‌ನ ಸಣ್ಣ ಪೈಪ್‌ಗೆ ಅದು ಹೊಂದುವುದಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಅದು ಉರಿಯದೆ ಸೈಲೆನ್ಸರ್ ಬಾಯಿಂದ ಕಪ್ಪಗೆ ಜಿನುಗುತ್ತದೆ. ಒಂದು ಕಾಲದಲ್ಲಿ ರೇಸಿನವರು ಹರಳೆಣ್ಣೆಯನ್ನೇ ಬಳಸುತ್ತಿದ್ದರು, ಗೊತ್ತಾ? ಕ್ಯಾಸ್ಟ್ರಾಲ್ ಅನ್ನುವ ಹೆಸರೇ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದದ್ದು. ಬಿಸಿಯಲ್ಲಿ ಅದರ ಪದರ ಅಷ್ಟು ಗಟ್ಟಿ. ಆದರೆ ರೇಸ್ ಮುಗಿದ ಮೇಲೆ ಇಂಜಿನ್ ಬಿಚ್ಚಿ ಅಂಟು ತೆಗೆಯಬೇಕಿತ್ತು. ಅಜ್ಜಿಯ ತಲೆಗೆ ಹಚ್ಚುವ ಎಣ್ಣೆ ಗಾಡಿಗೂ ಆಗುತ್ತಂತೆ ಅಂತ ಯಾರಾದರೂ ಹೇಳಿದರೆ ನಂಬಿ, ಹಾಕಬೇಡಿ ಅಷ್ಟೇ.

ನಾಲ್ಕು ಸ್ಟ್ರೋಕ್ ಆಯಿಲ್ ಪೆಟ್ರೋಲಿಗೆ ಖಂಡಿತ ಬೇಡ. ಅದು ಉರಿಯಲು ಮಾಡಿದ್ದಲ್ಲ. ಅದರೊಳಗಿನ ಕ್ಯಾಲ್ಸಿಯಂ, ಸತುವಿನ ಅಂಶ ಬೂದಿಯಾಗಿ ಪ್ಲಗ್ ತುದಿಗೂ ಪಿಸ್ಟನ್ ತಲೆಗೂ ಕೂರುತ್ತದೆ. ಆ ಬೂದಿ ಕೆಂಡವಾಗಿ, ಪ್ಲಗ್ ಕಿಡಿ ಕೊಡುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡರೆ ಪಿಸ್ಟನ್‌ಗೆ ತೂತು. ಪೆಟ್ರೋಲ್ ಜೊತೆ ಬೇಗ ಬೆರೆಯುವುದೂ ಇಲ್ಲ. ಹಾಗೇ ಮಲ್ಪೆ ಕಡೆ ನೆಂಟರಿದ್ದರೆ ದೋಣಿ ಇಂಜಿನ್ನಿನ ಆಯಿಲ್ ತಂದುಕೊಡುತ್ತಾರೆ, ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಅಂತ ಇರುತ್ತದೆ. ಅದು ನೀರಿನಿಂದ ತಣ್ಣಗಾಗುವ ಇಂಜಿನ್‌ಗೆ. ಗಾಳಿಯಲ್ಲಿ ತಣ್ಣಗಾಗುವ ನಿಮ್ಮ ಗಾಡಿಯ ಬಿಸಿಗೆ ಅಲ್ಲ.

ನಾಲ್ಕು ಸ್ಟ್ರೋಕ್ ಆಯಿಲ್‌ಗೆ ನಿಮ್ಮ ಗಾಡಿಯಲ್ಲಿ ಒಂದು ಜಾಗ ಇದೆ, ಗೇರ್ ಬಾಕ್ಸ್. ಅಲ್ಲಿ ಕ್ಲಚ್ ಪ್ಲೇಟುಗಳು ಆಯಿಲ್‌ನಲ್ಲೇ ಮುಳುಗಿರುತ್ತವೆ. ಆದ್ದರಿಂದ ಜಾಸೋ ಎಂಎ ಅಥವಾ ಎಂಎ2 ಗುರುತಿರುವ ಬೈಕ್ ಆಯಿಲ್ ಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

ಗೇರ್ ಬಾಕ್ಸ್ ಮಾತು ಬಂತಲ್ಲ, ನಿಮ್ಮ ಹೊಗೆಯ ಇನ್ನರ್ಧ ಉತ್ತರ ಅಲ್ಲೇ ಇರಬಹುದು. ಕ್ರಾಂಕ್‌ನ ಎರಡು ತುದಿಗೂ ಒಂದೊಂದು ಆಯಿಲ್ ಸೀಲ್ ಇದೆ. ಬಲಗಡೆ ಕ್ಲಚ್ ಕಡೆಯ ಸೀಲ್ ಹರಿದರೆ ಇಂಜಿನ್ ಗೇರ್ ಆಯಿಲ್ಲನ್ನೇ ಹೀರಿಕೊಂಡು ಸುಡುತ್ತದೆ. ಆಗ ನೀವು ಜಗತ್ತಿನ ಯಾವ 2ಟಿ ಆಯಿಲ್ ಹಾಕಿದರೂ ಹೊಗೆ ನಿಲ್ಲುವುದಿಲ್ಲ. ಗೇರ್ ಆಯಿಲ್ ಎಷ್ಟಿದೆ ಅಂತ ಇಳಿಸಿ ಅಳೆದು, ಹೊಸದು ಅಳೆದು ಹಾಕಿ, 500 ಕಿ.ಮೀ. ಆದ ಮೇಲೆ ಮತ್ತೆ ಇಳಿಸಿ ಅಳೆಯಿರಿ. ಕೆಳಗೆ ಒಂದು ಹನಿಯೂ ಸೋರದೆ ಆಯಿಲ್ ಕಡಿಮೆಯಾಗಿದ್ದರೆ ಸೀಲ್ ಹೋಗಿದೆ. ಎಡಗಡೆ ಮ್ಯಾಗ್ನೆಟ್ ಹಿಂದಿನ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಇನ್ನೂ ಅಪಾಯ. ಅಲ್ಲಿಂದ ಬರೀ ಗಾಳಿ ಒಳಗೆ ಬಂದು ಪೆಟ್ರೋಲ್ ತೆಳುವಾಗುತ್ತದೆ, ಬಿಸಿ ಏರುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಇಂಜಿನ್ ತಾನಾಗಿ ರೇಸ್ ಆಗುತ್ತಿದ್ದರೆ ಓಡಿಸಬೇಡಿ, ತಳ್ಳಿಕೊಂಡು ಹೋಗಿ.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ನೀರು ಜಾಸ್ತಿಯಾದರೆ ಎಥನಾಲ್ ಮತ್ತು ನೀರು ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪೆಟ್ರೋಲ್ ಮೇಲೆ ನಿಲ್ಲುತ್ತದೆ. ಬೆರೆಸಿದ ಆಯಿಲ್ ಹೆಚ್ಚಾಗಿ ಮೇಲಿನ ಪೆಟ್ರೋಲ್ ಜೊತೆ ಉಳಿಯುತ್ತದೆ. ಇಂಜಿನ್ನಿಗೆ ಪೆಟ್ರೋಲ್ ಬಿಡುವ ಕಾಕ್ ಇರುವುದು ಕೆಳಗೆ! ಆಯಿಲ್ ಮೇಲೇ ಉಳಿಯಿತು. ಪಂಪ್ ಇಲ್ಲದ ಯೆಜ್ಡಿ, ಚೇತಕ್ ಇಟ್ಟುಕೊಂಡವರು ಬೆರೆಸಿದ ಪೆಟ್ರೋಲನ್ನು ಮೂರು ನಾಲ್ಕು ವಾರಕ್ಕಿಂತ ಇಡಬಾರದು ಅನ್ನುವುದು ಇದಕ್ಕೇ. ಎಥನಾಲ್ ಇದ್ದರೆ ಮಿಶ್ರಣವೂ ಸ್ವಲ್ಪ ತೆಳು. ಹೊಗೆ ಸರಿಹೋದ ಮೇಲೆ ಪ್ಲಗ್ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಇರಬೇಕು. ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯೇ ತೆಳು. ಇಲ್ಲಿ ಟ್ಯೂನ್ ಮಾಡಿಸಿದ ಗಾಡಿ ಮಂಗಳೂರಿಗೆ ಇಳಿದರೆ ಅಲ್ಲಿಯ ದಪ್ಪ ಗಾಳಿಗೆ ಪೆಟ್ರೋಲ್ ಸಾಲದು. ಶಿರಾಡಿ ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯುವಾಗ ಪೆಟ್ರೋಲ್ ಬರುವುದಿಲ್ಲ, ಬೆರೆಸಿದ ಗಾಡಿಯಾದರೆ ಆಯಿಲೂ ಬರುವುದಿಲ್ಲ. ಇಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಕೊಡಿ. ನಿಮ್ಮದು ಪಂಪ್ ಗಾಡಿ, ಮುಚ್ಚಿದಾಗಲೂ ಒಂದು ಚೂರು ಬರುತ್ತದೆ. ಪಂಪ್ ಬ್ಲಾಕ್ ಮಾಡಬೇಡಿ ಅಂದದ್ದಕ್ಕೆ ಇದೂ ಒಂದು ಕಾರಣ.

ಎಲ್ಲ ಸರಿಮಾಡಿದ ಮೇಲೂ ಮೊದಲ ನೂರಿನ್ನೂರು ಕಿಲೋಮೀಟರ್ ಹೊಗೆ ಬರುತ್ತದೆ, ಗಾಬರಿಯಾಗಬೇಡಿ. ಸೈಲೆನ್ಸರ್ ಒಳಗೆ ಮಾವನ ಕಾಲದ ಆಯಿಲ್ ಕೂತಿದೆ. ತುದಿಯ ಬೋಲ್ಟ್ ಬಿಚ್ಚಿ ಒಳಗಿನ ಪೈಪ್ ಎಳೆದು ಕಾರ್ಬನ್ ಸುಡಿಸಿ. ಸಿಲಿಂಡರಿನ ಎಕ್ಸಾಸ್ಟ್ ಬಾಯಿಯನ್ನೂ ಕೆರೆಸಿ, ಕಬ್ಬಿಣದಿಂದಲ್ಲ, ಮರದ ಚೂಪಿನಿಂದ. ಪಿಕಪ್ ಬಂದಿದ್ದು ನಿಮಗೇ ಗೊತ್ತಾಗುತ್ತದೆ. ಎಮಿಷನ್ ಟೆಸ್ಟ್ ಬಗ್ಗೆ ಚಿಂತೆ ಬೇಡ. ಅಲ್ಲಿ ಕಣ್ಣಿಗೆ ಕಾಣುವ ಹೊಗೆ ಅಳೆಯುವುದಿಲ್ಲ, 2000ಕ್ಕಿಂತ ಹಳೆಯ ಗಾಡಿಗೆ ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾ, ಹೈಡ್ರೋಕಾರ್ಬನ್ 9000 ಪಿಪಿಎಂ ಒಳಗಿರಬೇಕು, ಅಷ್ಟೇ. ಹೊಗೆ ಬಿಡುವ ಗಾಡಿ ಸರ್ಟಿಫಿಕೇಟ್ ತೋರಿಸುವುದು ಹೀಗೇ.

ಕೊನೆಗೆ ಶೆಡ್‌ನ ಟಿನ್. ಅದು ಬಂಕಿನಿಂದ ಲೂಸ್ ತಂದದ್ದಾಗಿದ್ದರೆ ಒಳಗೇನಿದೆ ಅಂತ ಯಾರಿಗೂ ಗೊತ್ತಿಲ್ಲ. ಲೂಸ್ 2ಟಿ ಆಯಿಲ್ ಮಾರುವುದನ್ನು ದೆಹಲಿಯಲ್ಲಿ ಸುಪ್ರೀಂ ಕೋರ್ಟೇ 1998ರಲ್ಲಿ ನಿಲ್ಲಿಸಲು ಹೇಳಿತ್ತು. ಸೀಲ್ ಒಡೆಯದ ಡಬ್ಬವಾದರೂ ಅಷ್ಟು ಹಳೆಯದು ತಳದಲ್ಲಿ ಗಸಿ ಕಟ್ಟಿರುತ್ತದೆ. ಗಾಡಿಗೆ ಬೇಡ. ಮನೆಯ ಗೇಟು ಕಿರುಗುಟ್ಟುತ್ತಿದ್ದರೆ ಅದಕ್ಕೆ ಎರಡು ತೊಟ್ಟು ಬಿಡಿ, ಟಿನ್ ಮಾವನಿಗೇ ವಾಪಸ್ ಕೊಡಿ. ಪಂಪ್ 200 ಕಿ.ಮೀ.ಗೆ ಎಷ್ಟು ಮಿ.ಲೀ. ಕುಡಿಯಿತು ಅನ್ನುವುದನ್ನೂ ಅವರಿಗೆ ಹೇಳಿ. ಇಷ್ಟು ವರ್ಷ ಅವರು ನೋಡದೇ ಬಿಟ್ಟ ಲೆಕ್ಕ ಅದು.